ಎಡ ಮಗ್ಗುಲು

ಜುಲೈ ೧೨, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಎಷ್ಟು ಬೈದುಕೊಂಡಿದ್ದೀಯೋ, ಅಷ್ಟೂ ನನಗೆ ಸಲ್ಲಬೇಕಾದದ್ದೇ. ಭಾವನ ಮಂಡಿನೋವು ಹೇಗಿದೆ? ಇಲ್ಲಿ ಯೂನಿಫಾರ್ಮ್ ಹೊಲಿಗೆ ಕುತ್ತಿಗೆಗೆ ಬಂದಿತ್ತು ಎನ್ನಬಹುದು, ಆದರೆ ಅದು ನೆಪ. ಎರಡು ತಿಂಗಳಿಂದ ನಾನು ನಮ್ಮ ಮನೆಯವರ ಮೇಲೆ ಕಣ್ಣಿಟ್ಟು ಕೂತಿದ್ದೆ.

ಶುರುವಾದದ್ದು ಮಂಚದಿಂದ. ನಾನು ಮಲಗುವುದು ಅವರ ಬಲಕ್ಕೆ. ಇದ್ದಕ್ಕಿದ್ದಂತೆ ಅವರು ನನ್ನ ಕಡೆ ತಿರುಗುವುದನ್ನೇ ಬಿಟ್ಟರು. ಗೋಡೆಗೆ ಮುಖ, ನನಗೆ ಬೆನ್ನು. ಕೇಳಿದರೆ "ಸೆಕೆ ಕಣೇ" ಅನ್ನುತ್ತಿದ್ದರು, ಕುತ್ತಿಗೆವರೆಗೆ ಕಂಬಳಿ ಹೊದ್ದುಕೊಂಡೇ! ಒಂದು ಬೆಳಿಗ್ಗೆ ಎದ್ದವರು ಓಲಾಡಿಕೊಂಡು ಬಚ್ಚಲಿಗೆ ಹೋಗಿ ವಾಂತಿ ಮಾಡಿದರು. ಬೀದಿದೀಪ ರಿಪೇರಿಗೆ ಹದಿನೆಂಟು ವರ್ಷ ಏಣಿ ಹತ್ತಿದ ಮನುಷ್ಯ, ಮೇಲಿನ ಶೆಲ್ಫಿನ ಡಬ್ಬ ಕೊಡಿ ಎಂದರೆ "ನೀನೇ ಸ್ಟೂಲ್ ಹಾಕ್ಕೋ" ಎಂದರು. ಕುಡಿತವೋ, ಇನ್ನೊಬ್ಬಳೋ? ಎರಡೂ ಇದ್ದೀತು ಎನ್ನಿಸಿತು. ಅಂಗಿ ಮೂಸಿದೆ, ಜೇಬು ತಡಕಿದೆ. ಸಿಕ್ಕಿದ್ದು ಒಂದು ಚೀಟಿ: "ಬುಧವಾರ, ನಾಲ್ಕು ಗಂಟೆ."

ಬುಧವಾರ ಹಿಂದೆಯೇ ಹೋದೆ. ಹೊಕ್ಕಿದ್ದು ಕಿವಿ ಡಾಕ್ಟರ ಕ್ಲಿನಿಕ್ಕು! ನಾನೂ ಒಳಗೆ ನುಗ್ಗಿದೆ. ಡಾಕ್ಟರಮ್ಮ ಅವರ ತಲೆಯನ್ನು ಬಲಕ್ಕೆ ತಿರುಗಿಸಿ ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಅಕ್ಕಾ, ಅವರ ಕಣ್ಣುಗುಡ್ಡೆಗಳು ತಾವಾಗಿಯೇ ಹೊರಳಾಡಿದವು. ನಾನು ಕಿರುಚಿಕೊಂಡೆ.

"ಹೆದರ್ಬೇಡಿ. ಒಳಗಿವೀಲಿ ಸಣ್ಣ ಹರಳು ಇರ್ತವೆ, ಜಾಗ ಬಿಟ್ಟು ಜಾರಿವೆ. ಬಲಕ್ಕೆ ಹೊರಳಿದ್ರೆ, ಮೇಲೆ ನೋಡಿದ್ರೆ, ಲೋಕವೇ ಗಿರ್ರಂತ ಸುತ್ತುತ್ತೆ" ಎಂದರು. ಆಮೇಲೆ ತಲೆಯನ್ನು ನಿಧಾನವಾಗಿ ಎಡಕ್ಕೆ ತಂದು, ಎಡ ಮಗ್ಗುಲಿಗೆ ಹೊರಳಿಸಿ, ಎಬ್ಬಿಸಿ ಕೂರಿಸಿದರು. "ಹೀಗೆ ಮಾಡ್ತಾ ಹರಳು ವಾಪಸ್ ಹೋಗ್ತವೆ. ಹಾಸಿಗೆಯಿಂದ ಗಬಕ್ಕಂತ ಏಳ್ಬೇಡಿ. ನಾನು ಹೇಳೋವರೆಗೂ ಏಣಿ ಮುಟ್ಬೇಡಿ."

"ನಂಗೆ ಯಾಕ್ರೀ ಹೇಳಲಿಲ್ಲ?" ಎಂದೆ, ದಾರಿಯಲ್ಲಿ.

"ಹೇಳಿದ್ರೆ ಹತ್ತಕ್ಕೆ ಬಿಡ್ತಿದ್ಯಾ? ಏಣಿ ಬಿಟ್ರೆ ನಂಗೇನು ಬರುತ್ತೆ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರು ಸಲ ಹೋಗಿ ಬಂದ ಮೇಲೆ ಸುತ್ತು ನಿಂತಿದೆ. ಡಾಕ್ಟರಮ್ಮ ಏಣಿ ಹತ್ತಬಹುದೆಂದು ಬರೆದುಕೊಟ್ಟರು. ಆದರೂ ಆಫೀಸಿನವರು ಇವರನ್ನು ಸ್ಟೋರಿನಲ್ಲಿ ಬಲ್ಬು ಒರೆಸಲು ಕೂರಿಸಿದ್ದಾರೆ. ಕ್ಲಿನಿಕ್ಕಿಗೆ ಹೋಗುವ ಮೊದಲೇ ಯಾರೋ ಇವರು ಕುಡಿಯುತ್ತಾರೆಂದು ಮೇಲಧಿಕಾರಿಯ ಕಿವಿ ಊದಿದ್ದರಂತೆ. ಅದು ಕೆಳಗೆ ನಿಂತು ಏಣಿ ಹಿಡಿಯುವ ಗೆಳೆಯ ಉದ್ದಣ್ಣನೇ ಎಂದು ಇವರ ಹಟ. "ನಾನು ಓಲಾಡಿದ್ದು ಕಂಡೋನು ಅವನೊಬ್ನೇ" ಎನ್ನುತ್ತಾರೆ. ಮೊನ್ನೆ ಅವನು ಬಾಗಿಲಿಗೆ ಬಂದರೆ ಮುಖದ ಮೇಲೆ ಕದ ಹಾಕಿದರು. ಹದಿನೆಂಟು ವರ್ಷದ ಸ್ನೇಹ, ಅಕ್ಕಾ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ ತಂಗಿ

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೇಲಧಿಕಾರಿಯ ಹತ್ತಿರ ಹೋಗಿ, "ಕುಡೀತಾರೆ ಅನ್ಸುತ್ತೆ, ಸ್ವಲ್ಪ ನೋಡ್ಕೊಳ್ಳಿ" ಎಂದು ಅತ್ತು ಬಂದವಳು ನಾನು. ನಿನ್ನೆ ಉದ್ದಣ್ಣ ಬೀದಿಯಲ್ಲಿ ಸಿಕ್ಕಿ, "ಅತ್ತಿಗೆ, ನಾನಲ್ಲ ಅಂತ ನೀವಾದ್ರೂ ಅವನಿಗೆ ಹೇಳಿ" ಎಂದ. ಹೇಳುತ್ತೇನೆ ಎಂದೆ. ಮನೆಗೆ ಬಂದು ಹೇಳಲಿಲ್ಲ.