ಕೋವಿಯ ಮೇಲಿನ ಕುಂಕುಮ

ಅಪ್ಪಾ,

ಮೊನ್ನೆ ಕೆರೆಯಾಚೆಯ ಹಳ್ಳಿಯಲ್ಲಿ ಮದುವೆ ಚಪ್ಪರಕ್ಕೆ ಯಾರೋ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಹಾರಿಸಿದವನು ಇನ್ನೂ ಸಿಕ್ಕಿಲ್ಲ. ಇವತ್ತು ಜಗಳೂರಿನಿಂದ ಪೊಲೀಸರು ಬಂದು, ಹಂದಿ ಓಡಿಸಲು ನೀನು ಇಟ್ಟುಕೊಂಡಿದ್ದ ಕೋವಿಯನ್ನು ಕೇಳಿದರು.

"ಹಬ್ಬ ಆದ್ಮೇಲೆ ಅಟ್ಟದಿಂದ ಇಳಿಸೇ ಇಲ್ರೀ ಸಾರ್" ಎಂದ ತಮ್ಮ ತಿಪ್ಪೇಶ.

ನಾನೇ ಹತ್ತಿ ಇಳಿಸಿದೆ. ಆಯುಧಪೂಜೆಯ ಕುಂಕುಮ ತಾನಾಗಿ ಅಳಿಯಬೇಕು, ಒರೆಸಬಾರದು ಎನ್ನುತ್ತಿದ್ದೆಯಲ್ಲ? ಈ ಸಲ ಹಚ್ಚಿದವಳು ನಾನು. ಕೋವಿಯ ಮೇಲೆ ಅದರ ಗುರುತೇ ಇರಲಿಲ್ಲ. ಹೊಸ ಎಣ್ಣೆಯ ವಾಸನೆ ಬಂತು.

"ಹಬ್ಬದಾಗ ಇಟ್ಟಾಗ್ಲೂ ಹಿಂಗೇ ಇತ್ತೇನಮ್ಮ?" ಎಂದು ಪೊಲೀಸರು ಕೇಳಿದರು. ತಿಪ್ಪೇಶ ನನ್ನ ಮುಖವನ್ನೇ ನೋಡುತ್ತಿದ್ದ.

"ಹೂಂ ರೀ, ಹಿಂಗೇ ಇತ್ತು" ಎಂದೆ.

ನೀನು ಹೋದಾಗ ಅದನ್ನು ಠಾಣೆಗೆ ಒಪ್ಪಿಸೋಣ ಎಂದವನು ಅವನೇ ಅಪ್ಪಾ. ನಿನ್ನ ನೆನಪಿಗೆ ಇರಲಿ ಎಂದು ಹಟ ಹಿಡಿದವಳು ನಾನು.