ಜೂನ್ ಒಂದಕ್ಕೆ ಮೊದಲು ತಲುಪಬೇಕಾದ ಕಾಗದ

ಗದಗ, ಕೆಳಓಣಿ
ಮೇ ೩೬, ೨೧೮೮

ವೈನಿಯವರಿಗೆ ನಮಸ್ಕಾರ.

ಮೇಲಿನ ತಾರೀಖನ್ನು ನಾನು ತಪ್ಪಿ ಬರೆದಿಲ್ಲ. ನಮ್ಮ ಮೇ ತಿಂಗಳಿಗೆ ನಲವತ್ತನಾಲ್ಕು ದಿನ. ಬಿಸಿಲು ಇಳಿಯದೆ ಶಾಲೆ ತೆರೆಯುವಂತಿಲ್ಲ, ಶಾಲೆ ತೆರೆಯದ ದಿನವನ್ನು ಜೂನ್ ಒಂದು ಎನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಹಿರಿಯರು ಬಹಳ ವರ್ಷ ವಾದ ಮಾಡಿ, ಕೊನೆಗೆ ಮೇ ತಿಂಗಳನ್ನೇ ಎಳೆದು ಉದ್ದ ಮಾಡಿದರಂತೆ. ಬೇಕಾದ ಹದಿಮೂರು ದಿನಗಳನ್ನು ಚಳಿಗಾಲದ ತಿಂಗಳುಗಳಿಂದ ತೆಗೆದುಕೊಂಡರು. ಹೇಗೂ ಅವು ಹೆಸರಿಗೆ ಮಾತ್ರ ಚಳಿಗಾಲ.

ನನ್ನ ಭಾಷೆಯ ಬಗ್ಗೆಯೂ ಒಂದು ಮಾತು. ನಾವು ಈಗ ಆಡುವ ಕನ್ನಡ ನಿಮಗೆ ಅರ್ಧ ತಿಳಿದೀತು, ಅರ್ಧ ತಿಳಿಯಲಿಕ್ಕಿಲ್ಲ. ಆದ್ದರಿಂದ ನಿಮ್ಮ ಕಾಲದ ಅಚ್ಚಿನ ಪುಸ್ತಕಗಳಿಂದ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಬಿಗಿಯಾಗಿ ಕಂಡರೆ ಕ್ಷಮಿಸಬೇಕು. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಬೀದಿಯ ಕೊನೆಯ ಓಲೆಮನೆಯಲ್ಲಿ ಕೊಟ್ಟು ಬರುತ್ತೇವೆ. ಒಂದು ಮನೆಗೆ ಮೂವತ್ತು ವರ್ಷಕ್ಕೊಂದೇ ಓಲೆ. ಅದರಲ್ಲಿ ಸಾವು, ಬೆಲೆ, ಗೆಲುವು, ಸೋಲು ಯಾವುದನ್ನೂ ತಿಳಿಸುವಂತಿಲ್ಲ. ಮನೆಯ ಮಾತು ಬರೆಯಬಹುದು. ಲೆಕ್ಕ ಸರಿಯಿದ್ದರೆ ಇದು ನಿಮಗೆ ೨೦೨೭ರ ಮೇ ಮೂವತ್ತರಂದು ಸಿಗುತ್ತದೆ. ನಾಡಿದ್ದು ನಿಮ್ಮ ಮನೆಯಲ್ಲಿ ನಿಮ್ಮ ಮಾವನವರ ಹುಟ್ಟುಹಬ್ಬ.

ನಾನು ಇಂದುಧರ. ನನ್ನ ಅಜ್ಜನ ಅಜ್ಜಿಯ ತಾಯಿ ನೀವು. ನಿಮ್ಮ ಹೆಸರು ನಮಗೆ ತಿಳಿಯದು. ನಮ್ಮ ಬಳಿ ಇರುವುದು ನಿಮ್ಮ ಫೋನಿನಲ್ಲಿ ಉಳಿದ ಒಂದೇ ವಿಡಿಯೊ, ಆರು ನಿಮಿಷ ಐವತ್ತು ಸೆಕೆಂಡಿನದು. ನೀವೆಲ್ಲ ಎಲ್ಲೋ ದೂರದಲ್ಲಿ ಜೋಪಾನ ಮಾಡಿಟ್ಟ ಉಳಿದ ಚಿತ್ರಗಳು ಒಂದೂ ನಮ್ಮವರೆಗೆ ಬರಲಿಲ್ಲ. ಈ ವಿಡಿಯೊದಲ್ಲಿ ಎಲ್ಲರೂ ನಿಮ್ಮೊಡನೆ ಮಾತಾಡುತ್ತಾರೆ, ಒಬ್ಬರೂ ಹೆಸರು ಹಿಡಿಯುವುದಿಲ್ಲ. ಮಾವ 'ಯವ್ವಾ' ಎನ್ನುತ್ತಾರೆ. ಮಗಳು 'ಮಮ್ಮಿ' ಎನ್ನುತ್ತಾಳೆ. ಗಂಡ 'ಏ, ಇಲ್ಲೆ ನೋಡು' ಎನ್ನುತ್ತಾರೆ. ಮೈದುನ ಮಲ್ಲೇಶಿ ಒಂಬತ್ತು ಸಲ 'ವೈನಿ' ಎನ್ನುತ್ತಾನೆ. ಆದ್ದರಿಂದ ನಮಗೂ ನೀವು ವೈನಿಯೇ. ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಿದ್ದರು ಎಂಬುದು ತಿಳಿದೂ ಐದು ತಲೆಮಾರು ಹಾಗೆಯೇ ಕರೆದುಕೊಂಡು ಬಂದಿದ್ದೇವೆ. ನಿಮ್ಮ ಐದು ವರ್ಷದ ಮಗಳಿಂದ ನಮ್ಮ ಕವಲು ಹೊರಟದ್ದರಿಂದ, ವಂಶಾವಳಿಯ ತುದಿಯಲ್ಲಿ ದಪ್ಪ ಅಕ್ಷರದಲ್ಲಿ 'ಪಿಂಕಿ' ಎಂದು ಬರೆದಿದೆ.

ನಾಡಿದ್ದು ನಡೆಯಲಿರುವುದನ್ನು ನಾನು ಮೊದಲೇ ಹೇಳುತ್ತಿದ್ದೇನೆ. ಓಲೆಮನೆಯವರು ಇದಕ್ಕೆ ಒಪ್ಪಿದ್ದಾರೆ, ಏಕೆಂದರೆ ಇದರಿಂದ ಯಾರಿಗೂ ಲಾಭವಿಲ್ಲ. ಮಲ್ಲೇಶಿ ಬೇಕರಿಯಿಂದ ಕೇಕು ತರುತ್ತಾನೆ. ಡಬ್ಬಿ ತೆರೆದಾಗ ಅದರ ಮೇಲೆ ಗುಲಾಬಿ ಬಣ್ಣದಲ್ಲಿ 'ಐಶ್ವರ್ಯಾ' ಎಂದಿರುತ್ತದೆ. ಅವಸರದಲ್ಲಿ ಬೇರೆ ಯಾರದೋ ಡಬ್ಬಿ ಎತ್ತಿಕೊಂಡು ಬಂದಿರುತ್ತಾನೆ. ನಿಮ್ಮ ಅತ್ತೆಯವರು ಸೆರಗು ಸರಿಮಾಡಿಕೊಂಡು ಕೇಳುತ್ತಾರೆ.

"ಯಾರ ಈಕಿ ಐಶ್ವರ್ಯಾ? ಈ ವಯಸ್ಸಿನ್ಯಾಗ?"

"ನನಗೇನ ಗೊತ್ತ? ನಿನ್ನ ಮಗನ್ನ ಕೇಳು," ಎಂದು ಮಾವನವರು ಹೇಳುತ್ತಾರೆ.

ನಿಮ್ಮ ನಗು ಅಲ್ಲಿ ಮೊದಲ ಸಲ ಕೇಳುತ್ತದೆ. ನಿಮ್ಮ ಕೈಯಲ್ಲಿರುವ ಫೋನು ಅಲುಗಿ, ಎರಡು ಸೆಕೆಂಡು ಬರೀ ಫ್ಯಾನು ಕಾಣುತ್ತದೆ.

ದಯವಿಟ್ಟು ಡಬ್ಬಿಯನ್ನು ಮೊದಲೇ ತೆರೆದು ನೋಡಬೇಡಿ. ನಮ್ಮ ಮನೆಯ ಪ್ರತಿ ಕೇಕಿನ ಮೇಲೂ ನಾವು ಐಶ್ವರ್ಯಾ ಎಂದೇ ಬರೆಯುತ್ತೇವೆ. ಆಕೆ ಯಾರೋ ನಮಗೂ ಗೊತ್ತಿಲ್ಲ, ಆದರೆ ನಮ್ಮ ಮನೆಯಲ್ಲಿ ಆಕೆಗೆ ಬೇಕಾದಷ್ಟು ಹುಟ್ಟುಹಬ್ಬಗಳಾಗಿವೆ.

ಆಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಪಿಂಕಿ ಊದಲು ಬಾಯಿ ಮುಂದೆ ತಂದಾಗ ಅತ್ತೆಯವರು ಕೈ ಅಡ್ಡ ಹಿಡಿಯುತ್ತಾರೆ. "ದೀಪ ಊದಬ್ಯಾಡ್ರಿ. ಹುಟ್ಟಿದ ದಿನ ಯಾರರ ದೀಪ ಆರಸ್ತಾರೇನು?"

"ಹುಟ್ಟಿದ ದಿನ ಅಲ್ಲಬಿಡ ಇದು," ಎಂದು ಮಾವನವರು ಕನ್ನಡಕ ಒರೆಸುತ್ತಾರೆ. "ಸಾಲಿ ಮಾಸ್ತರ ಬರದ ದಿನ. ನಮ್ಮಪ್ಪಗ ನೆಪ್ಪಿರಲಿಲ್ಲ, ಮಾಸ್ತರ ಜೂನ್ ಒಂದು ಅಂತ ಬರಕೊಂಡ್ರು. ನಮ್ಮ ವರ್ಗದಾಗ ಹದಿನೇಳು ಮಂದಿ ಒಂದ ದಿನ ಹುಟ್ಟೀವಿ."

ಈ ಮಾತಿನಿಂದಲೇ ನಮ್ಮ ಮನೆಯ ದೊಡ್ಡ ಹಬ್ಬ ಹುಟ್ಟಿತು. ನಮ್ಮ ಮನೆಯಲ್ಲಿ ಎಲ್ಲರ ಹುಟ್ಟುಹಬ್ಬವೂ ಜೂನ್ ಒಂದು. ನಿಜವಾಗಿ ಹುಟ್ಟಿದ ದಿನ ಆಸ್ಪತ್ರೆಯ ಕಾಗದದಲ್ಲಿರುತ್ತದೆ, ಅದಕ್ಕೆ ಬೇರೆ ಉಪಯೋಗವಿಲ್ಲ. ನಾವಿರುವುದು ತಗ್ಗುಮನೆಯಲ್ಲಿ. ಮುಕ್ಕಾಲು ಭಾಗ ನೆಲದೊಳಗೆ, ಕಾಲು ಭಾಗ ಮೇಲೆ, ಇಳಿಯಲು ಹನ್ನೊಂದು ಮೆಟ್ಟಿಲು. ನಾಲ್ಕು ಸಂಸಾರಗಳಿಗೆ ಒಂದೇ ಅಡುಗೆಮನೆ. ಬೀದಿಯ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ನೆರಳುಬಟ್ಟೆ ಕಟ್ಟಿರುತ್ತದೆ. ಅದರ ಹರಿದ ಜಾಗಗಳನ್ನು ಹೊಲಿಯುವುದು ನನ್ನ ಉದ್ಯೋಗ. ಜೂನ್ ಒಂದರ ಬೆಳಿಗ್ಗೆ ಬಟ್ಟೆಯನ್ನು ಮೊದಲ ಸಲ ಸರಿಸುತ್ತೇವೆ. ಎರಡು ತಿಂಗಳ ನಂತರ ಅಂಗಳಕ್ಕೆ ಬೆಳಕು ಬೀಳುತ್ತದೆ, ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಅದರಲ್ಲಿ ನಿಲ್ಲುತ್ತಾರೆ. ಗೋಧಿ ನಮ್ಮ ಕಡೆ ಬೆಳೆಯುವುದಿಲ್ಲ. ನಿಮ್ಮ ಗೋಧಿ ಹುಗ್ಗಿಯನ್ನು ನವಣೆಯಲ್ಲಿ ಮಾಡುತ್ತೇವೆ, ಕೇಕನ್ನು ಜೋಳದ ಹಿಟ್ಟಿನಿಂದ ಉಗಿಯಲ್ಲಿ ಬೇಯಿಸುತ್ತೇವೆ, ಮೇಲೆ ಶೇಂಗಾ ಹಾಲಿನ ಕೆನೆ. ನಂತರ ನಿಮ್ಮ ವಿಡಿಯೊವನ್ನು ಒಮ್ಮೆ ನೋಡಿ, ಅದನ್ನೇ ನಡೆಸುತ್ತೇವೆ. ಒಬ್ಬರು ಮಾವ, ಒಬ್ಬರು ಅತ್ತೆ, ಒಬ್ಬ ಮಲ್ಲೇಶಿ. ಒಂದು ಮಗು ಪಿಂಕಿಯಾಗಿ ಬತ್ತಿ ಊದಲು ಹೋಗಿ ಬೈಸಿಕೊಳ್ಳುತ್ತದೆ. ಬತ್ತಿಯನ್ನು ನಿಮ್ಮ ಅತ್ತೆಯವರ ಹಾಗೆ ಅಂಗೈ ಮರೆಮಾಡಿ ದೇವರ ಗೂಡಿಗೆ ಒಯ್ಯುತ್ತೇವೆ. ಆ ಒಂದು ದಿನ ಎಲ್ಲರೂ ವಿಡಿಯೊದಲ್ಲಿ ಕೇಳುವ ನಿಮ್ಮ ಆಡುಮಾತನ್ನೇ ಆಡುತ್ತೇವೆ. ಕಳೆದ ವರ್ಷ ಐವತ್ಮೂರು ಜನ ಇದ್ದೆವು.

ವಿಡಿಯೊದ ಕೊನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂರುತ್ತಾರೆ. ನಿಮ್ಮ ಮಲ್ಲೇಶಿ ತಲೆ ಎತ್ತಿ, "ವೈನಿ, ಸಾಕು ಬರ್ರಿ. ಫೋನ್ ಇಡ್ರಿ. ಹುಗ್ಗಿ ಆರತೈತಿ," ಎನ್ನುತ್ತಾನೆ. ನೀವು, "ನೀವು ಉಣ್ರಿ. ನಂದೇನ ಅವಸರಿಲ್ಲ," ಎನ್ನುತ್ತೀರಿ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ನಾನು ಈ ಓಲೆ ಬರೆಯುತ್ತಿರುವುದು ಈ ಕೊನೆಯ ಮಾತಿಗಾಗಿ.

ನಮ್ಮ ಮನೆಯಲ್ಲಿ ಐವತ್ಮೂರು ವರ್ಷಗಳಿಂದ ವೈನಿಯಾಗುತ್ತಿರುವವಳು ನನ್ನ ಅವ್ವ, ನಿಂಬವ್ವ. ಮೂವತ್ತೊಂದನೆಯ ವಯಸ್ಸಿನಲ್ಲಿ ಅತ್ತೆಯಿಂದ ಈ ಪಾತ್ರ ಪಡೆದಳು. ಅಂಗೈಯಗಲದ ಹಲಗೆಯೊಂದನ್ನು ಫೋನಿನಂತೆ ಎದುರು ಹಿಡಿದು ಆರು ನಿಮಿಷ ಐವತ್ತು ಸೆಕೆಂಡು ನಿಲ್ಲುತ್ತಾಳೆ. ಅಷ್ಟೇ ಆಗಿದ್ದರೆ ನಾನು ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ವೈನಿ ಕೂತದ್ದನ್ನು ಯಾರೂ ನೋಡಿಲ್ಲವಾದ್ದರಿಂದ ವೈನಿಯಾದವಳು ಆ ದಿನ ಕೂರುವಂತಿಲ್ಲ ಎಂಬುದು ಮನೆಯ ಪದ್ಧತಿಯಾಗಿ ಹೋಗಿದೆ. ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ, ಎಲ್ಲರಿಗೂ ಬಡಿಸುತ್ತಾಳೆ, ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಏನೋ ಒಂದಷ್ಟು ತಿನ್ನುತ್ತಾಳೆ. ಇದನ್ನು ಮಾಡಿಟ್ಟವರು ನೀವಲ್ಲ. ನಾವು.

ಅವ್ವನಿಗೆ ಈಗ ಎಂಬತ್ತನಾಲ್ಕು. ಕಳೆದ ಜೂನ್ ಒಂದರಂದು ಎರಡನೆಯ ಪಂಕ್ತಿಗೆ ಸಾರು ಬಡಿಸುವಾಗ ನನ್ನ ಎದುರಿಗೇ ಕುಸಿದು ಬಿದ್ದಳು. ಮಣೆಯ ಮೇಲೆ ಕೂತಿದ್ದ ನಾನು ಅವಳನ್ನು ಕೆಳಗಿನಿಂದ ನೋಡಿದೆ. ಅಷ್ಟೂ ವರ್ಷ ನಾನು ಆ ದಿನ ಅವಳನ್ನು ನೋಡಿದ್ದು ಅದೇ ಜಾಗದಿಂದ. ಅವಳ ಕೈ ಬಡಿಸುವುದನ್ನು ನೋಡಿದ್ದೆ, ಮುಖ ನೋಡಿರಲಿಲ್ಲ. ಬಿಸಿ ಹುಗ್ಗಿ ಅವಳಿಗೆ ಇಷ್ಟವೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಮೊಣಕಾಲಿನ ಚಿಪ್ಪು ಸೀಳಿತ್ತು, ಮೂರು ತಿಂಗಳು ಮಲಗಿದಳು. ಹೃದಯವೂ ಮೊದಲಿನಂತಿಲ್ಲ, ಇನ್ನೊಮ್ಮೆ ಬಿದ್ದರೆ ಎದ್ದೇಳುವ ಭರವಸೆ ಕೊಡಲಾರೆವು ಎಂದು ವೈದ್ಯರು ಹೇಳಿದ್ದಾರೆ.

ಈ ವರ್ಷ ಕೂತೇ ಮಾಡು ಎಂದೆವು. ಒಪ್ಪಲಿಲ್ಲ. ಬೇರೆಯವರಿಗೆ ಕೊಡು ಎಂದೆವು. "ನಾ ಇರೂತನಕ ಅದು ನಂದು," ಎಂದಳು. ಅವ್ವ ವರ್ಷವಿಡೀ ನಿಮ್ಮ ಆಡುಮಾತನ್ನೇ ಆಡುತ್ತಾಳೆ. ನನ್ನ ಮಗಳು ಮುಗಿಲು ಅವಳಿಗೆ ಅಚ್ಚುಮೆಚ್ಚು. ಅವಳನ್ನು ಕಳಿಸಿದೆವು.

"ಅಜ್ಜಿ, ಒಂದು ವರ್ಷ ಕೂತರೆ ಏನಾಗುತ್ತೆ?"

"ಆಕಿ ಕುಂತಿದ್ದು ಯಾರರ ನೋಡೀರೇನು?"

"ನಿಂತಿದ್ದೂ ಯಾರೂ ನೋಡಿಲ್ಲವಲ್ಲ, ಅಜ್ಜಿ. ವಿಡಿಯೊದಲ್ಲಿ ಅವರು ಇಲ್ಲವೇ ಇಲ್ಲ."

ಅವ್ವ, "ಶಾಣ್ಯಾಕಿ ಆಗಬ್ಯಾಡ. ಆಕಿ ಕುಂತಿದ್ದು ತೋರಸ್ರಿ, ನಾನೂ ಕುಂದರ್ತೀನಿ," ಎಂದಳು.

ಅವಳು ಮಾತು ಕೊಟ್ಟರೆ ತಪ್ಪುವವಳಲ್ಲ. ನೀವು ಕೂತು ಉಣ್ಣುವ ಚಿತ್ರವನ್ನು ನಾವೇ ಸೃಷ್ಟಿಸೋಣ, ಎರಡು ನಿಮಿಷದ ಕೆಲಸ, ಎಂದು ಮುಗಿಲು ಹೇಳಿದಳು. ನಾನು ಒಪ್ಪಲಿಲ್ಲ. ನಿಮ್ಮ ಮುಖ ನಮಗೆ ಗೊತ್ತಿಲ್ಲ. ಯಾವುದೋ ಮುಖ ಹಚ್ಚಿ ಅವ್ವನ ಮುಂದೆ ಹಿಡಿದು, ಇವರೇ ನೋಡು ಎಂದು ಹೇಳುವುದು ನನ್ನಿಂದಾಗದು.

ಆದರೆ ನಿಮ್ಮ ಫೋನಿನಲ್ಲಿ ಇನ್ನೊಂದು ತುಣುಕು ಇದೆ. ಹಾಳಾದ ಫೋನುಗಳಿಂದ ಚಿತ್ರಗಳನ್ನು ಬಿಡಿಸುವವರು ನಮ್ಮ ಊರಲ್ಲಿ ಒಬ್ಬರಿದ್ದಾರೆ. ಅವರನ್ನು ಬಿಡಿಸುಗಾರ್ತಿ ಎನ್ನುತ್ತೇವೆ. ಎರಡು ವರ್ಷದಿಂದ ಅವರು ಈ ತುಣುಕಿನ ಹಿಂದೆ ಬಿದ್ದಿದ್ದಾರೆ. ಒಳಗೇನಿದೆ ಎಂದು ಇನ್ನೂ ಕಾಣುತ್ತಿಲ್ಲ. ಸಮಯ ಮಾತ್ರ ಓದಲು ಸಿಕ್ಕಿದೆ: ಅದೇ ಜೂನ್ ಒಂದು, ಮಧ್ಯಾಹ್ನ ಒಂದು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ತೆಗೆದದ್ದು, ಉದ್ದ ನಲವತ್ತು ಸೆಕೆಂಡು. ಮೊದಲ ವಿಡಿಯೊ ಮುಗಿದ ಮುಕ್ಕಾಲು ಗಂಟೆಯ ನಂತರ. ಮೇ ನಲವತ್ತನಾಲ್ಕರ ಸಂಜೆಯೊಳಗೆ ತೆರೆದು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಅದರಲ್ಲಿ ಏನಿದೆಯೋ ನಮಗೆ ತಿಳಿಯದು. ನಿಮ್ಮ ಮಟ್ಟಿಗೆ ಅದು ಇನ್ನೂ ತೆಗೆದೇ ಇಲ್ಲದ ವಿಡಿಯೊ. ಓಲೆಮನೆಯ ಹೆಂಗಸು ಇದನ್ನು ಎರಡು ಸಲ ಓದಿ, "ತಿಳಿಯದ್ದನ್ನು ಕೇಳಲು ಅಡ್ಡಿಯಿಲ್ಲ," ಎಂದು ಮುದ್ರೆ ಒತ್ತಿದರು.

ಮೂವತ್ತು ವರ್ಷದ ಓಲೆಯನ್ನು ಇದಕ್ಕೆ ಬಳಸಬೇಕೇ ಎಂದು ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ನಮ್ಮ ಚಿಕ್ಕಪ್ಪ, "ಆ ಕೇಕಿನ ರುಚಿ ಹೇಗಿತ್ತು ಅಂತ ಕೇಳು. ಸಾಯುವ ಮೊದಲು ಅಷ್ಟು ಗೊತ್ತಾದರೆ ಸಾಕು," ಎಂದರು. ಹುಗ್ಗಿಗೆ ಬೆಲ್ಲ ಎಷ್ಟು ಎಂದು ಕೇಳಬೇಕೆಂದವರು ಏಳು ಮಂದಿ. ಕೊನೆಗೆ ಎಲ್ಲರೂ ಒಪ್ಪಿದರು, ಚಿಕ್ಕಪ್ಪ ಮುಖ ಊದಿಸಿಕೊಂಡು. ಅವ್ವನಿಗೆ ಈ ಓಲೆಯ ವಿಷಯ ಹೇಳಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಗೋಡೆ ಹಿಡಿದು ನಿಲ್ಲುವ ಅಭ್ಯಾಸ ಮಾಡುತ್ತಿದ್ದಾಳೆ. ಹತ್ತು ನಿಮಿಷ ನಿಂತ ಮೇಲೆ ಅವಳ ಉಸಿರು ಇಲ್ಲಿಗೆ ಕೇಳುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಾಡಿದ್ದು ಮಲ್ಲೇಶಿ ಊಟಕ್ಕೆ ಕರೆದಾಗ, ಅವಸರವಿಲ್ಲ ಎಂದು ಹೇಳಿಯೇ ಬಿಡಿ. ಆ ಮಾತನ್ನು ನಾವು ಬಹಳ ಪ್ರೀತಿಯಿಂದ ಹೇಳಿಕೊಂಡು ಬಂದಿದ್ದೇವೆ. ಆದರೆ ಅದಾದ ಮೇಲೆ, ಒಂದು ಗಂಟೆ ಹತ್ತೊಂಬತ್ತು ನಿಮಿಷಕ್ಕೆ, ಫೋನನ್ನು ಹತ್ತಿರವಿರುವ ಯಾರ ಕೈಗಾದರೂ ಕೊಟ್ಟು, ನೀವೂ ಸಾಲಿನಲ್ಲಿ ಕೂರಿ. ತೆಗೆಯುವವರ ಕೈ ನಡುಗಿದರೂ ಪರವಾಗಿಲ್ಲ. ನೀವು ಇತ್ತ ನೋಡಿ ನಗಬೇಕೆಂದೂ ಇಲ್ಲ. ತಲೆ ತಗ್ಗಿಸಿ ಉಣ್ಣುತ್ತಿದ್ದರೆ ಸಾಕು. ನಿಮಗೆ ಯಾರಾದರೂ ಬಡಿಸುತ್ತಿರುವುದು ಕಂಡರೆ ಇನ್ನೂ ಒಳ್ಳೆಯದು. ಅಲ್ಲಿ ನಿಂತು ಬಡಿಸಬೇಕಾದವರು ಯಾರು ಎಂದು ನಮ್ಮಲ್ಲೂ ಒಮ್ಮೆ ಮಾತಾಗಲಿ. ಈ ಓಲೆ ತಡವಾಗಿ ಸಿಕ್ಕಿ, ಆ ಹೊತ್ತು ದಾಟಿಹೋಗಿದ್ದರೆ, ನೀವೇನೂ ತಪ್ಪು ಮಾಡಿಲ್ಲವೆಂದು ತಿಳಿಯಿರಿ. ಆಗಲೂ ಕೂತು ಉಣ್ಣಿ, ನಮಗೆ ಕಾಣದಿದ್ದರೂ.

ಮೇ ನಲವತ್ತನಾಲ್ಕರ ಸಂಜೆ ನಾವೆಲ್ಲ ಅಂಗಳದಲ್ಲಿ ಸೇರಿ ಆ ನಲವತ್ತು ಸೆಕೆಂಡನ್ನು ನೋಡುತ್ತೇವೆ. ಅವ್ವ ನಿಂತೇ ನೋಡುತ್ತಾಳೆ, ನನಗೆ ಗೊತ್ತು. ಅವಳ ಹಿಂದೆ, ಅವಳಿಗೆ ಕಾಣದ ಹಾಗೆ, ಒಂದು ಕುರ್ಚಿ ಹಿಡಿದುಕೊಂಡು ನಾನು ನಿಂತಿರುತ್ತೇನೆ.

ನಿಮ್ಮ ಮನೆಯವನು,
ಇಂದುಧರ