ಕರಡಿಗೆ ಕೊಂಬು ಕೊಟ್ಟವರಿಗೆ

ನೈರ್ಮಲ್ಯ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಯ ಕಸದ ತೊಟ್ಟಿಗೆ ಇಂದಿಗೂ ಮುಚ್ಚಳವಿಲ್ಲ. ನನ್ನ ಅಕ್ಕನಿಗೆ ಬಲಗಣ್ಣಿಲ್ಲ. ಇವೆರಡಕ್ಕೂ ಇರುವ ಸಂಬಂಧ ತಮ್ಮ ಕಚೇರಿಗೆ ಇನ್ನೂ ತಿಳಿದಿಲ್ಲವಾದ್ದರಿಂದ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಬೇಕರಿಯವನು. ಗುಡ್ಡದ ಬುಡದಲ್ಲಿ, ಬೀದಿಯ ಕೊನೆಯ ಅಂಗಡಿ ನಮ್ಮದು. ತೊಟ್ಟಿ ಇರುವುದು ಹಿಂಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಕಾಡಿನ ಕರಡಿಯೊಂದು ಇಳಿದು ಬಂದು ಅದರೊಳಗೆ ತಲೆ ಹಾಕಿದ್ದನ್ನು ಕಂಡ ದಿನವೇ ಅರ್ಜಿ ಕೊಟ್ಟೆ. ವಿಷಯ: ಕರಡಿ. ಕೋರಿಕೆ: ಕೊಂಡಿ ಇರುವ ಕಬ್ಬಿಣದ ಮುಚ್ಚಳ. ಮೂರು ವಾರದ ಮೇಲೆ ತಮ್ಮ ಉತ್ತರ ಬಂತು: 'ತಮ್ಮ ಕರಡು ತಲುಪಿದೆ. ಅಂತಿಮ ಪ್ರತಿ ಸಲ್ಲಿಸತಕ್ಕದ್ದು.' ಆಹಾ! 'ಡಿ'ಯ ಗುಡಿಸು ಕಿತ್ತು ಕೊಂಬು ಅಂಟಿಸಿದ್ದೀರಿ. ಗುಡಿಸುವುದು ಹೇಗೂ ತಮ್ಮ ವಿಭಾಗಕ್ಕೆ ಒಗ್ಗದ ಕೆಲಸ. ಆದರೆ ಕರಡಿಗೆ ಕೊಂಬು ಕೊಟ್ಟ ಕೀರ್ತಿ ಲೋಕದಲ್ಲಿ ತಮಗೊಬ್ಬರಿಗೇ ಸಲ್ಲಬೇಕು.

ಕಚೇರಿಗೆ ಓಡಿಬಂದೆ. ತಮ್ಮ ಗುಮಾಸ್ತರು ಕನ್ನಡಕ ಏರಿಸಿ, "ಒಂದಕ್ಷರ ತಾನೇ, ಅದಕ್ಯಾಕ್ರೀ ಇಷ್ಟು ಕೂಗಾಡ್ತೀರಾ? ಕರಡು ಅಂತ ದಾಖಲಾಗಿದೆ. ಅಂತಿಮ ಪ್ರತಿ ತನ್ನಿ, ನೋಡೋಣ" ಅಂದರು.

"ಸ್ವಾಮಿ, ಅದು ಬರೆಯೋ ಕರಡಲ್ಲ, ಬರ್ತಿರೋ ಕರಡಿ!" ಅಂದೆ. ಸಾಲಿನಲ್ಲಿ ನಿಂತವರು ನಕ್ಕರು. ಈಗ ನೆನೆದರೆ ನಾಚಿಕೆಯಾಗುತ್ತದೆ, ನಾನೂ ನಕ್ಕೆ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಸೀದ ಬನ್ನುಗಳ ಬುಟ್ಟಿ ಹಿಡಿದು ತೊಟ್ಟಿಗೆ ಹೋದಳು. ಬೇರೆಲ್ಲಾದರೂ ಚೆಲ್ಲಿದರೆ ನೋಟಿಸ್ ಕೊಡುವವರೂ ತಾವೇ ತಾನೇ? ಎದೆಯೆತ್ತರದ ತೊಟ್ಟಿಯೊಳಗೆ ಇಳಿದು ತಿನ್ನುತ್ತಿದ್ದ ಕರಡಿ ಬೆಚ್ಚಿ ಎದ್ದು ಪಂಜ ಬೀಸಿತು. ಒಂದೇ ಏಟು. ಬನ್ನು ಸೀಯಲು ಬಿಟ್ಟವನು ನಾನು. ಬೆಳಕಾದ ಮೇಲೆ ಅದು ಬರುವುದಿಲ್ಲ, ಹೋಗಿ ಬಾ ಎಂದವನೂ ನಾನೇ. ಆ ಪಾಪ ನನ್ನನ್ನು ದಿನವೂ ತಿನ್ನುತ್ತಿದೆ. ತಮಗೆ ಊಟ ಸೇರುತ್ತಿದೆಯೇ?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬುದು ಗಾದೆ. ತಾವು ಅದನ್ನೂ ಹಾಕಲಿಲ್ಲ. ಬಂದೂಕು ತರಿಸಿ ಕರಡಿಯನ್ನು ಕೊಲ್ಲಿಸಿ, 'ಪ್ರಕರಣ ಮುಕ್ತಾಯ' ಎಂದು ಬರೆದಿರಿ. ಈ ಸಲ ಕಾಗುಣಿತ ತಪ್ಪಿರಲಿಲ್ಲ.

ನಾನು ಸತ್ತ ಕರಡಿಯನ್ನು ಶಪಿಸಿದರೆ ಅಕ್ಕ ತಡೆಯುತ್ತಾಳೆ. "ಅದನ್ನ ಯಾಕೋ ಬಯ್ತೀಯ? ಹೊಟ್ಟೆಪಾಡಿಗೆ ಬಂದಿತ್ತು. ಒಂದು ಮುಚ್ಚಳ ಇದ್ದಿದ್ರೆ ಅದೂ ಉಳೀತಿತ್ತು, ನನ್ನ ಕಣ್ಣೂ ಉಳೀತಿತ್ತು."

ನಿನ್ನೆ ಮತ್ತೊಂದು ಬಂದಿದೆ. ಚಿಕ್ಕದು, ಸತ್ತದ್ದರ ಮರಿಯೇ ಇರಬೇಕು, ನೇರ ತೊಟ್ಟಿಗೇ ಬಂತು. ಸೋಮವಾರದೊಳಗೆ ಕೊಂಡಿಯ ಮುಚ್ಚಳ ಹಾಕಿಸಿ. ಇದೇ ಅಂತಿಮ ಪ್ರತಿ. ಇನ್ನೊಂದು ಬರೆಸಬೇಡಿ, ಅಕ್ಕನಿಗೆ ಉಳಿದಿರುವುದು ಒಂದೇ ಕಣ್ಣು.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ಕರಡಾಗಿಯೇ ಇರುವ
ಬೇಕರಿಯವನು